ನೋವರಿಯದ ದೇಹ: ಒಂದು ಚಾರಿತ್ರಿಕ ವಿವೇಚನೆ

೧

೧೯೩೨ರಲ್ಲಿ ನ್ಯೂಯಾರ್ಕಿನ ವೈದ್ಯರಾದ ಜಾರ್ಜ್ ಡಿಯರ್‌ಬಾರ್ನ್ ಎಂಬವರು ಅಮೆರಿಕದ ನರರೋಗಶಾಸ್ತ್ರದ ವಿದ್ವತ್ಪತ್ರಿಕೆಯೊಂದರಲ್ಲಿ ಐವತ್ತನಾಲ್ಕು ವರ್ಷ ವಯಸ್ಸಿನ ಒಬ್ಬ ವ್ಯಕ್ತಿಯ ವೃತ್ತಾಂತವನ್ನು ಪ್ರಕಟಿಸಿದರು. ಈತನಿಗೆ ಗಾಯದ ನೋವೆಂಬುದು ಹುಟ್ಟಿನಿಂದಲೇ ತಿಳಿದಿರಲಿಲ್ಲ. ಆ ಕೊರತೆಯೇ ಅವನ ಜೀವನೋಪಾಯವೂ ಆಗಿದ್ದಿತು. ವಿನೋದಪ್ರದರ್ಶನಗಳ ರಂಗದ ಮೇಲೆ ನಿಂತು, ಪ್ರೇಕ್ಷಕರಿಂದ ಮೈಗೆ ಸೂಜಿಗಳನ್ನು ಚುಚ್ಚಿಸಿಕೊಂಡು, 'ಮಾನವ ಸೂಜಿದಿಂಬು' ಎಂಬ ಬಿರುದಿನಿಂದ ಅವನು ಹೊಟ್ಟೆ ಹೊರೆದುಕೊಂಡಿದ್ದನು.

೨೦೦೬ರಲ್ಲಿ ಇಂಗ್ಲೆಂಡಿನ 'ನೇಚರ್' ಪತ್ರಿಕೆಯಲ್ಲಿ ಮತ್ತೊಂದು ಲೇಖನ ಪ್ರಕಟವಾಯಿತು. ಅದರ ಆರಂಭದಲ್ಲಿ ಉತ್ತರ ಪಾಕಿಸ್ತಾನದ ಹತ್ತು ವರ್ಷದ ಒಬ್ಬ ಬಾಲಕನ ಪ್ರಸ್ತಾಪವಿದೆ. ಅವನು ಬೀದಿಯಲ್ಲಿ ಜನರ ಮುಂದೆ ತನ್ನ ತೋಳಿಗೆ ಚೂರಿಗಳನ್ನು ತೂರಿಸಿಕೊಳ್ಳುತ್ತಿದ್ದನು, ಉರಿಯುವ ಕೆಂಡದ ಮೇಲೆ ನಡೆಯುತ್ತಿದ್ದನು. ಸಂಶೋಧಕರು ಅವನನ್ನು ಪರೀಕ್ಷಿಸುವ ಮೊದಲೇ, ತನ್ನ ಹದಿನಾಲ್ಕನೆಯ ಹುಟ್ಟುಹಬ್ಬದ ದಿನ, ಮನೆಯ ಮಾಳಿಗೆಯಿಂದ ಹಾರಿ ತೀರಿಕೊಂಡನು.

ಈ ಎರಡು ದಾಖಲೆಗಳ ನಡುವೆ ಎಪ್ಪತ್ತನಾಲ್ಕು ವರ್ಷಗಳ ಅಂತರವಿದೆ. ಆ ಅವಧಿಯಲ್ಲಿ ನೋವಿನ ಶಾಸ್ತ್ರ ಬಹು ದೂರ ಸಾಗಿತು. ಆದರೆ ನೋವರಿಯದವನ ಸುತ್ತ ನೆರೆದ ಜನರ ಗುಂಪು ಮಾತ್ರ ಇದ್ದಲ್ಲಿಯೇ ಇದ್ದಿತು. ಇತಿಹಾಸದ ಅಧ್ಯಾಪಕರು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಕೈಗೆತ್ತಿಕೊಳ್ಳಲು ಇದೇ ಕಾರಣ. ಒಂದು ಮನುಷ್ಯಸ್ಥಿತಿಯು ಮೊದಲು ಕೌತುಕವಾಗಿ, ಅನಂತರ ಸಮಸ್ಯೆಯಾಗಿ, ಕಟ್ಟಕಡೆಗೆ ಜ್ಞಾನವಾಗಿ ಮಾರ್ಪಟ್ಟ ಬಗೆಯನ್ನೂ, ಆ ಜ್ಞಾನದ ಬೆಲೆಯನ್ನು ತೆತ್ತವರು ಯಾರೆಂಬುದನ್ನೂ ಈ ಲೇಖನದಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಯತ್ನಿಸುತ್ತೇವೆ.

೨

ವಿಷಯವನ್ನು ಪ್ರವೇಶಿಸುವ ಮುನ್ನ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಲೇಸು. ನೋವನ್ನು ಸಹಿಸುವುದು ಬೇರೆ, ಅರಿಯದಿರುವುದು ಬೇರೆ. ವ್ರತ ಹರಕೆಗಳಿಗಾಗಿ ಕೆಂಡ ಹಾಯುವ ಭಕ್ತನಿಗೆ ನೋವೆಂದರೇನೆಂದು ಗೊತ್ತು. ಗೊತ್ತಿದ್ದೇ ಅದನ್ನು ಮೀರುತ್ತಾನೆ. ಮಿದುಳಿನ ಕೆಲವು ಭಾಗಗಳಿಗೆ ಪೆಟ್ಟು ಬಿದ್ದವರಲ್ಲಿ ನೋವು ತಿಳಿದರೂ ಅದು ಬಾಧಿಸದಂತಹ ವಿಚಿತ್ರಸ್ಥಿತಿಯೊಂದು ಉಂಟಾಗುವುದನ್ನು ೧೯೨೮ರಲ್ಲಿ ವಿಯೆನ್ನಾದ ಶಿಲ್ಡರ್ ಮತ್ತು ಸ್ಟೆಂಗೆಲ್ ಎಂಬ ವೈದ್ಯರು ವರ್ಣಿಸಿದರು. ನಾವಿಲ್ಲಿ ಹೇಳಹೊರಟಿರುವುದು ಇವೆರಡೂ ಅಲ್ಲ. ಹುಟ್ಟಿದಂದಿನಿಂದಲೇ ದೇಹದ ಯಾವ ಭಾಗದಲ್ಲಿಯೂ ನೋವೆಂಬ ಅನುಭವವೇ ಮೂಡದಿರುವ ಅತಿ ವಿರಳವಾದ ಆನುವಂಶಿಕ ಸ್ಥಿತಿಯನ್ನು ಕುರಿತದ್ದು ಈ ವಿವೇಚನೆ. ಇದನ್ನು 'ಜನ್ಮಜಾತ ನೋವರಿಯಮೆ' ಎಂದು ಕರೆಯಬಹುದು.

ಇಂಥವರ ಚರ್ಮ ಮರಗಟ್ಟಿರುತ್ತದೆಂದು ಭಾವಿಸಬಾರದು. ಮೇಲೆ ಹೇಳಿದ ಬಾಲಕನ ಬಂಧುವರ್ಗದಲ್ಲಿ ಸಂಶೋಧಕರು ಪರೀಕ್ಷಿಸಿದ ಆರು ಮಕ್ಕಳಿಗೆ ಸ್ಪರ್ಶ ತಿಳಿಯುತ್ತಿತ್ತು, ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂಬುದು ತಿಳಿಯುತ್ತಿತ್ತು, ಕಚಗುಳಿಯಿಟ್ಟರೆ ತಿಳಿಯುತ್ತಿತ್ತು, ಬುದ್ಧಿಶಕ್ತಿ ಇತರ ಮಕ್ಕಳಂತೆಯೇ ಇದ್ದಿತು. ನೋವೊಂದೇ ಇರಲಿಲ್ಲ. ಆದರೆ ಆ ಒಂದರ ಅಭಾವ ಅವರ ಮೈಯಲ್ಲೆಲ್ಲ ಬರೆದಿತ್ತು. ಹಲ್ಲು ಮೂಡುವ ವಯಸ್ಸಿನಲ್ಲಿ ತಮ್ಮ ತುಟಿ ನಾಲಗೆಗಳನ್ನೇ ಅವರು ಕಚ್ಚಿಕೊಂಡಿದ್ದರು. ಇಬ್ಬರು ನಾಲಗೆಯ ತುದಿಯ ಮೂರನೆಯ ಒಂದು ಭಾಗವನ್ನೇ ಕಳೆದುಕೊಂಡಿದ್ದರು. ಮೂಳೆ ಮುರಿದದ್ದು ಮಗು ಅತ್ತುದರಿಂದ ತಿಳಿದದ್ದಲ್ಲ. ಎಷ್ಟೋ ದಿನಗಳ ಮೇಲೆ, ಅದು ಕುಂಟುವುದನ್ನು ಕಂಡು ಹಿರಿಯರು ಊಹಿಸಿದ್ದು.

ಇಂತಹ ಮಕ್ಕಳ ತಾಯಿತಂದೆಗಳ ಪಾಡು ಮತ್ತೊಂದು ಬಗೆಯದು. ಸುಟ್ಟ ಗಾಯ, ಮುರಿದ ಕೈ, ಕಚ್ಚಿ ಹರಿದ ತುಟಿಗಳೊಡನೆ ಮಗುವನ್ನು ಮತ್ತೆಮತ್ತೆ ಆಸ್ಪತ್ರೆಗೆ ತಂದಾಗ, ಮಗುವನ್ನು ಹಿಂಸಿಸಿದವರು ಇವರೇ ಇರಬೇಕೆಂಬ ಅನುಮಾನ ಅವರ ಮೇಲೆ ಬಿದ್ದ ಪ್ರಸಂಗಗಳು ಹಲವು ದೇಶಗಳ ವೈದ್ಯದಾಖಲೆಗಳಲ್ಲಿವೆ. ಮಗು ಅಳದಿರುವುದೇ ಅವರ ವಿರುದ್ಧ ಸಾಕ್ಷಿಯಾಗುತ್ತದೆ.

ಈ ಸ್ಥಿತಿಯಲ್ಲಿ ಪ್ರಾಯಕ್ಕೆ ಬಂದವರ ಪೈಕಿ ಅತ್ಯಂತ ಎಚ್ಚರಿಕೆಯಿಂದ ಅಧ್ಯಯನಕ್ಕೊಳಗಾದವಳು ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಒಬ್ಬ ವಿದ್ಯಾರ್ಥಿನಿ. ವೈದ್ಯಗ್ರಂಥಗಳು ಅವಳನ್ನು 'ಕುಮಾರಿ ಸಿ' ಎಂದಷ್ಟೇ ಹೆಸರಿಸುತ್ತವೆ. ೧೯೫೦ರಲ್ಲಿ ಮಕ್‌ಮರ್ರಿ ಎಂಬ ಮನಶ್ಶಾಸ್ತ್ರಜ್ಞರು ತಮ್ಮ ಪರೀಕ್ಷೆಗಳ ವರದಿಯನ್ನು ಪ್ರಕಟಿಸಿದರು. ವಿದ್ಯುದಾಘಾತ, ಬಿಸಿನೀರು, ಬಹುಹೊತ್ತಿನ ಹಿಮಸ್ನಾನ ಇವಾವುವೂ ಅವಳಲ್ಲಿ ನೋವನ್ನು ಹುಟ್ಟಿಸಲಿಲ್ಲ; ನಾಡಿ, ಉಸಿರು, ರಕ್ತದ ಒತ್ತಡ ಇವುಗಳಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಬಾಲ್ಯದಲ್ಲಿ ಆಕೆ ಊಟಮಾಡುತ್ತ ನಾಲಗೆಯ ತುದಿಯನ್ನು ಕಚ್ಚಿ ಕಳೆದುಕೊಂಡಿದ್ದಳು. ಕಿಟಕಿಯಿಂದ ಹೊರಗೆ ನೋಡುವುದಕ್ಕಾಗಿ ಕೋಣೆಯನ್ನು ಬಿಸಿಯಾಗಿಡುವ ಕಾದ ಯಂತ್ರದ ಮೇಲೆ ಮೊಣಕಾಲೂರಿ ನಿಂತು ಆಳವಾಗಿ ಸುಟ್ಟುಕೊಂಡಿದ್ದಳು.

ಆದರೆ ಅವಳ ಆಯುಷ್ಯವನ್ನು ಮೊಟಕುಗೊಳಿಸಿದ್ದು ಇಂತಹ ದೊಡ್ಡ ಅಪಘಾತಗಳಲ್ಲ. ನಿಂತಾಗ ನಾವೆಲ್ಲರೂ ಒಂದು ಕಾಲಿನಿಂದ ಮತ್ತೊಂದಕ್ಕೆ ಭಾರವನ್ನು ಬದಲಿಸುತ್ತೇವೆ, ನಿದ್ರೆಯಲ್ಲಿ ಮಗ್ಗುಲು ತಿರುಗುತ್ತೇವೆ. ಈ ಲೇಖನವನ್ನು ಓದುತ್ತಿರುವ ವಾಚಕರೂ ಇಷ್ಟರಲ್ಲಿ ಕುಳಿತ ಭಂಗಿಯನ್ನು ಎರಡು ಮೂರು ಬಾರಿ ಬದಲಿಸಿರಬಹುದು. ನಮ್ಮ ಗಮನಕ್ಕೂ ಬಾರದಷ್ಟು ಸಣ್ಣ ನೋವುಗಳು ಸದಾ ನಮ್ಮಿಂದ ಈ ಕೆಲಸವನ್ನು ಮಾಡಿಸುತ್ತಿರುತ್ತವೆ. ಆಕೆಗೆ ಆ ಪ್ರೇರಣೆ ಇರಲಿಲ್ಲ. ಮೊಣಕಾಲು, ಸೊಂಟ, ಬೆನ್ನುಮೂಳೆಗಳ ಕೀಲುಗಳು ಸವೆದು ಕೆಟ್ಟುಹೋದವು. ಮೂಳೆಗಳಿಗೆ ನಂಜು ಹತ್ತಿತು. ಹತೋಟಿಗೆ ಬಾರದ ಆ ಸೋಂಕಿನಿಂದ ಅವಳು ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಮೃತಳಾದಳು. ಜೀವನದ ಕಡೆಯ ತಿಂಗಳಲ್ಲಿ ಮಾತ್ರ ಎಡಸೊಂಟದಲ್ಲಿ ನೋವಾಗುತ್ತಿದೆಯೆಂದು ಅವಳು ಹೇಳಿಕೊಂಡಳೆಂದು ದಾಖಲೆ ತಿಳಿಸುತ್ತದೆ. ಇಪ್ಪತ್ತೊಂಬತ್ತು ವರ್ಷ ಬಾರದಿದ್ದ ಎಚ್ಚರಿಕೆ, ಎಚ್ಚರಿಕೆಯಿಂದ ಪ್ರಯೋಜನವಿಲ್ಲವಾದ ಮೇಲೆ ಬಂದಿತು.

೩

ಇದಕ್ಕೆ ಕಾರಣವೇನೆಂಬುದು ಬಹುಕಾಲ ಬಿಡಿಸಲಾಗದ ಒಗಟಾಗಿದ್ದಿತು. ಹದಿನೇಳನೆಯ ಶತಮಾನದ ಫ್ರೆಂಚ್ ತತ್ತ್ವಜ್ಞಾನಿ ಡೆಕಾರ್ಟನ ಕಲ್ಪನೆಯಲ್ಲಿ ನೋವು ದೇವಾಲಯದ ಘಂಟೆಯಿದ್ದಂತೆ: ಬೆಂಕಿ ಕಾಲಿಗೆ ತಗುಲಿದರೆ ನರವೆಂಬ ಹಗ್ಗ ಜಗ್ಗಿ, ಮಿದುಳಿನಲ್ಲಿ ಘಂಟೆ ಬಾರಿಸುತ್ತದೆ. ಆತನ ಮರಣಾನಂತರ ೧೬೬೨ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ವಿವರಣೆಯಿದೆ. ೧೯೦೬ರಲ್ಲಿ ಇಂಗ್ಲೆಂಡಿನ ಶರೀರವಿಜ್ಞಾನಿ ಷೆರಿಂಗ್ಟನ್ ಒಂದು ಮುಖ್ಯ ವಿಭಾಗವನ್ನು ಸೂಚಿಸಿದನು. ದೇಹಕ್ಕೆ ಒದಗುವ ಹಾನಿಯನ್ನು ನರಗಳು ಗುರುತಿಸುವುದು ಒಂದು ಕ್ರಿಯೆ. ಅದು ಮನಸ್ಸಿಗೆ ನೋವಾಗಿ ತೋರುವುದು ಇನ್ನೊಂದು. ಮೊದಲನೆಯ ಕ್ರಿಯೆಯನ್ನು ಮುಖ್ಯವಾಗಿ ಅತ್ಯಂತ ತೆಳುವಾದ ಒಂದು ಜಾತಿಯ ನರತಂತುಗಳು ನಡೆಸುತ್ತವೆ. ಸ್ಪರ್ಶದ ಸುದ್ದಿಯನ್ನು ಒಯ್ಯುವ ದಪ್ಪ ತಂತುಗಳು ಬೇರೆ. ಆದುದರಿಂದಲೇ ಸ್ಪರ್ಶವುಳಿದು ನೋವು ಮಾತ್ರ ಇಲ್ಲವಾಗುವುದು ಸಾಧ್ಯ.

ಕುಮಾರಿ ಸಿಯ ಮರಣಾನಂತರ ಬ್ಯಾಕ್ಸ್‌ಟರ್ ಮತ್ತು ಓಲ್‌ಷೆವ್‌ಸ್ಕಿ ಎಂಬವರು ಅವಳ ನರಮಂಡಲವನ್ನು ಪರಿಶೀಲಿಸಿ, ನೋವರಿಯಮೆಯನ್ನು ವಿವರಿಸುವ ಯಾವ ನ್ಯೂನತೆಯೂ ಕಾಣಲಿಲ್ಲವೆಂದು ೧೯೬೦ರಲ್ಲಿ ವರದಿಮಾಡಿದರು. ೧೯೬೫ರಲ್ಲಿ ಅಮೆರಿಕದ ಸ್ವಾನ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಇಂತಹುದೇ ಮತ್ತೊಂದು ಶವಪರೀಕ್ಷೆಯನ್ನು ಪ್ರಕಟಿಸಿದಾಗ ಫಲ ತೀರ ಭಿನ್ನವಾಗಿತ್ತು: ಬೆನ್ನುಹುರಿಯನ್ನು ಸೇರಬೇಕಾದ ತೆಳು ತಂತುಗಳೇ ಅಲ್ಲಿ ಇರಲಿಲ್ಲ. ಆ ಎರಡನೆಯ ಬಗೆಯ ರೋಗಿಗಳಲ್ಲಿ ನೋವಿನ ಜೊತೆಗೆ ಬೆವರೂ ಇರುವುದಿಲ್ಲ. ಮೈ ತಣಿಸಿಕೊಳ್ಳಲಾರದೆ, ಏರಿದ ತಾಪದಿಂದಲೇ ಎಳೆಯ ವಯಸ್ಸಿನಲ್ಲಿ ಸಾಯುವವರು ಅವರಲ್ಲಿ ಹಲವರು.

ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಸಾಕ್ಷ್ಯಗಳು ದೊರೆತಾಗ ಇತಿಹಾಸಕಾರನು, ಒಂದೇ ಹೆಸರಿನಲ್ಲಿ ಎರಡು ಬೇರೆ ವಿಷಯಗಳು ಅಡಗಿರಬಹುದೆಂದು ಶಂಕಿಸುತ್ತಾನೆ. ಇಲ್ಲಿಯೂ ಹಾಗೆಯೇ ಆಯಿತು. ೧೯೯೬ರಲ್ಲಿ ಜಪಾನಿನ ಕುಮಾಮೋಟೋ ವಿಶ್ವವಿದ್ಯಾನಿಲಯದ ಯಸುಹಿರೋ ಇಂಡೋ ಮತ್ತು ಸಂಗಡಿಗರು ಬೆವರಿಲ್ಲದ ಬಗೆಯ ಮೂಲವನ್ನು ಕಂಡುಹಿಡಿದರು. ಭ್ರೂಣದಲ್ಲಿ ನರಗಳು ಬೆಳೆದು ಬದುಕಿ ಉಳಿಯಲು ಒಂದು ಪೋಷಕದ್ರವ್ಯ ಬೇಕು. ಇದನ್ನು ಬೆಳಕಿಗೆ ತಂದುದಕ್ಕಾಗಿಯೇ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟಾನ್ಲಿ ಕೋಹೆನ್ ಅವರಿಗೆ ೧೯೮೬ರ ನೊಬೆಲ್ ಪಾರಿತೋಷಕ ದೊರೆತದ್ದು. ಆ ದ್ರವ್ಯವನ್ನು ಸ್ವೀಕರಿಸುವ ಗ್ರಾಹಕದ ಜೀನು ಕೆಟ್ಟಿದ್ದರೆ ತೆಳು ತಂತುಗಳು ಹುಟ್ಟಿಯೂ ಉಳಿಯಲಾರವು. ಅಂದರೆ ಇಲ್ಲಿ ಡೆಕಾರ್ಟನ ಹಗ್ಗವೇ ಇಲ್ಲ.

ಇನ್ನೊಂದು ಬಗೆಯ ಗುಟ್ಟನ್ನು ಬಿಟ್ಟುಕೊಟ್ಟವರು ಪಾಕಿಸ್ತಾನದ ಆ ಆರು ಮಕ್ಕಳು. ಕೇಂಬ್ರಿಜ್ಜಿನ ಜೆಫ್ರಿ ವುಡ್ಸ್ ಮತ್ತು ಅವರ ಸಹೋದ್ಯೋಗಿಗಳು ಮೂರು ಕುಟುಂಬಗಳ ರಕ್ತವನ್ನು ಪರೀಕ್ಷಿಸಿ, ಎರಡನೆಯ ವರ್ಣತಂತುವಿನ ಮೇಲಿರುವ 'ಎಸ್‌ಸಿಎನ್೯ಎ' ಎಂಬ ಜೀನಿನಲ್ಲಿ ದೋಷವನ್ನು ಗುರುತಿಸಿದರು. ನರತಂತುವಿನ ಪೊರೆಯಲ್ಲಿ ಸೋಡಿಯಂ ಕಣಗಳನ್ನು ಒಳಬಿಡುವ ಸೂಕ್ಷ್ಮ ಬಾಗಿಲುಗಳಿವೆ; ಅವು ತೆರೆದಾಗಲೇ ನರದಲ್ಲಿ ವಿದ್ಯುತ್ಸಂಕೇತ ಹುಟ್ಟುತ್ತದೆ. ಈ ಜೀನು ನಿರ್ಮಿಸುವ ಬಾಗಿಲು, ಗಾಯದ ಸ್ಥಳದಲ್ಲಿ ಮೂಡಿದ ಸಣ್ಣ ಕಂಪನವನ್ನು ಹಿಗ್ಗಿಸಿ, ನರವು ಸುದ್ದಿ ಕಳುಹಿಸುವಷ್ಟು ದೊಡ್ಡದನ್ನಾಗಿ ಮಾಡುತ್ತದೆ. ಈ ಮಕ್ಕಳಲ್ಲಿ ಹಗ್ಗವಿದೆ, ಘಂಟೆಯೂ ಇದೆ. ಜಗ್ಗುವ ಕೈ ಇಲ್ಲ.

ಎರಡು ವರ್ಷ ಮೊದಲು, ೨೦೦೪ರಲ್ಲಿ, ಚೀನಾದ ಸಂಶೋಧಕರು ಇದೇ ಜೀನನ್ನು ತದ್ವಿರುದ್ಧವಾದ ವ್ಯಾಧಿಯೊಂದರಲ್ಲಿ ಕಂಡಿದ್ದರು. ಕೈಕಾಲುಗಳು ಕೆಂಪೇರಿ ಬೆಂಕಿಯಂತೆ ಉರಿಯುವ ಆ ವ್ಯಾಧಿಯಲ್ಲಿ ಬಾಗಿಲು ತೀರ ಸುಲಭವಾಗಿ ತೆರೆದುಕೊಳ್ಳುತ್ತದೆ. ಒಂದೇ ಬಾಗಿಲು ತೆರೆಯದಿದ್ದರೆ ನೋವಿಲ್ಲದ ಬಾಳು, ಮುಚ್ಚದಿದ್ದರೆ ನೋವೇ ಆದ ಬಾಳು. ಹೀಗೆ ಎರಡು ಕಡೆಗಳಿಂದ ಸಾಕ್ಷ್ಯ ದೊರೆತುದರಿಂದ ಈ ಜೀನಿನ ಪಾತ್ರ ಸಂದೇಹಾತೀತವಾಯಿತು. ೨೦೧೧ರಲ್ಲಿ ಮತ್ತೊಂದು ಸಂಗತಿ ಗೊತ್ತಾಯಿತು: ಇದೇ ಬಾಗಿಲಿಲ್ಲದವರಿಗೆ ವಾಸನೆಯೂ ತಿಳಿಯದು. ತನ್ನ ಚರ್ಮವೇ ಸುಡುತ್ತಿದ್ದರೂ ಆ ಕಮಟು ಅವರ ಮೂಗಿಗೆ ತಲಪದು.

ಈ ಸ್ಥಿತಿ ಅನುವಂಶಿಕವಾಗಿ ಬರುವ ಕ್ರಮವನ್ನೂ ಹೇಳಬೇಕು. ಕೆಟ್ಟ ಪ್ರತಿಯೊಂದನ್ನು ಮಾತ್ರ ಪಡೆದವರಿಗೆ ನೋವು ಎಂದಿನಂತೆ ತಿಳಿಯುತ್ತದೆ. ತಾಯಿ ತಂದೆ ಇಬ್ಬರಲ್ಲಿಯೂ ಅಂತಹ ಒಂದೊಂದು ಪ್ರತಿಯಿದ್ದರೆ, ಹುಟ್ಟುವ ಪ್ರತಿಯೊಂದು ಮಗುವೂ ಎರಡನ್ನೂ ಪಡೆಯುವ ಸಂಭವ ನಾಲ್ಕರಲ್ಲಿ ಒಂದು. ಒಂದೇ ಪೂರ್ವಜನಿಂದ ಬಂದ ಪ್ರತಿಗಳು ರಕ್ತಸಂಬಂಧಿಗಳ ವಿವಾಹದಲ್ಲಿ ಸಂಧಿಸುವುದು ಹೆಚ್ಚು. ಪಾಕಿಸ್ತಾನದ ಆ ಮೂರು ಕುಟುಂಬಗಳಲ್ಲಿ ಹೀಗಾಗಿತ್ತು. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಕನ್ನಡನಾಡಿನಲ್ಲಿಯೂ ಇರುವುದರಿಂದ ಈ ಲೆಕ್ಕ ನಮಗೆ ಪರಕೀಯವಲ್ಲ. ಸೋದರ ಸಂಬಂಧದ ಮದುವೆಯಲ್ಲಿ ಹುಟ್ಟಿದ ಮಗುವಿನ ಯಾವುದೇ ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜನಿಂದ ಬಂದಿರುವ ಸಂಭವ ಹದಿನಾರರಲ್ಲಿ ಒಂದು. ಸೋದರಮಾವನ ಮದುವೆಯಲ್ಲಿ ಎಂಟರಲ್ಲಿ ಒಂದು. ಇದನ್ನು ಅರಿತುಕೊಳ್ಳಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ, ಯಾರನ್ನೂ ದೂಷಿಸುವುದಲ್ಲ.

೪

ನೋವಿನ ಉಪಯೋಗವೇನೆಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ದೊರೆತದ್ದು ಜೀನುಗಳ ಪರೀಕ್ಷೆಯಿಂದಲ್ಲ. ನಮ್ಮ ನೆರೆಯ ತಮಿಳುನಾಡಿನ ವೆಲ್ಲೂರಿನಲ್ಲಿ. ೧೯೪೬ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಕುಷ್ಠರೋಗಿಗಳ ಕೈಕಾಲುಗಳ ಚಿಕಿತ್ಸೆಗೆ ತೊಡಗಿದರು. ಕುಷ್ಠವು ಜನ್ಮಜಾತವಲ್ಲ, ಸೋಂಕಿನಿಂದ ಬರುವಂಥದು. ಆದರೆ ಅದೂ ನರಗಳನ್ನು ಕೆಡಿಸಿ ನೋವನ್ನು ಕಸಿದುಕೊಳ್ಳುತ್ತದೆ. ಆ ರೋಗವೇ ಬೆರಳುಗಳನ್ನು ಕೊಳೆಯಿಸಿ ಉದುರಿಸುತ್ತದೆಂಬುದು ಅಂದಿನ ನಂಬಿಕೆ. ಬ್ರ್ಯಾಂಡ್ ಕಂಡದ್ದು ಬೇರೆ. ತಮಗೆ ತಿರುಗಿಸಲಾಗದ ತುಕ್ಕು ಹಿಡಿದ ಬೀಗವನ್ನು ಒಬ್ಬ ರೋಗಿ ಬಾಲಕ ಸಲೀಸಾಗಿ ತೆರೆದುಬಿಟ್ಟಾಗ, ಅವನ ಬೆರಳು ಮೂಳೆಯವರೆಗೆ ಸೀಳಿಹೋಗಿದ್ದುದನ್ನು ಅವರು ಗಮನಿಸಿದರು. ರಾತ್ರಿ ಮಲಗಿದಾಗ ಇಲಿಗಳು ರೋಗಿಗಳ ಬೆರಳುಗಳನ್ನು ಕಡಿಯುತ್ತಿದ್ದುವು, ಎಚ್ಚರವಾಗುತ್ತಿರಲಿಲ್ಲ. ಅದಕ್ಕೆ ಬೆಕ್ಕು ಸಾಕುವುದೇ ಔಷಧವಾಯಿತು. ಅಂಗಗಳು ನಶಿಸುತ್ತಿದ್ದುದು ಬಹುಮಟ್ಟಿಗೆ ಅರಿವಿಗೆ ಬಾರದ ದಿನನಿತ್ಯದ ಗಾಯಗಳಿಂದ.

ಮುಂದೆ ೧೯೬೦ರ ದಶಕದಲ್ಲಿ ಅಮೆರಿಕದ ಕಾರ್ವಿಲ್ ಎಂಬ ಊರಿನ ಕುಷ್ಠಾಲಯಕ್ಕೆ ಹೋದ ಮೇಲೆ ಬ್ರ್ಯಾಂಡ್ ಮತ್ತು ಅವರ ಸಹಾಯಕರು ಕೃತಕವಾದ ನೋವನ್ನೇ ನಿರ್ಮಿಸಲು ಯತ್ನಿಸಿದರು. ಕೈಗವಸಿನಲ್ಲಿ ಒತ್ತಡವನ್ನು ಅಳೆಯುವ ಸಾಧನಗಳನ್ನಿರಿಸಿ, ಒತ್ತಡ ಮಿತಿಮೀರಿದರೆ ಸೂಚನೆ ಬರುವಂತೆ ಮಾಡಿದರು. ಸದ್ದು ಬೆಳಕುಗಳ ಸೂಚನೆಯನ್ನು ರೋಗಿಗಳು ಲೆಕ್ಕಿಸಲಿಲ್ಲ. ವಿದ್ಯುದಾಘಾತ ಕೊಟ್ಟರೆ, ಕೆಲಸವನ್ನು ಮುಗಿಸುವ ಆತುರದಲ್ಲಿ ಯಂತ್ರವನ್ನೇ ಆರಿಸುತ್ತಿದ್ದರು. ಪ್ರಯತ್ನವನ್ನು ಕೈಬಿಡಬೇಕಾಯಿತು. ನಮ್ಮ ಇಚ್ಛೆಯಂತೆ ಆರಿಸಲು ಬರುವ ನೋವು ನೋವಲ್ಲ, ಬರಿಯ ಸಲಹೆ. ಸಲಹೆಯನ್ನು ತಳ್ಳಿಹಾಕಬಹುದು, ನೋವನ್ನು ತಳ್ಳಿಹಾಕಲಾಗದು. ಅದರ ಕಾರ್ಯಶಕ್ತಿಯೆಲ್ಲ ಆ ಕಠೋರತೆಯಲ್ಲಿಯೇ ಇದೆ.

೫

ಇಷ್ಟಾದ ಮೇಲೆ ಜ್ಞಾನದ ಫಲ ಯಾರಿಗೆ ಸಂದಿತು ಎಂಬ ಪ್ರಶ್ನೆಗೆ ಬರಬಹುದು. ೨೦೦೬ರ ಶೋಧನೆ ಪ್ರಕಟವಾದೊಡನೆ ಔಷಧ ತಯಾರಕರ ಗಮನ ಆ ಬಾಗಿಲಿನ ಕಡೆಗೆ ಹರಿಯಿತು. ಅದು ಮುಚ್ಚಿದವರಿಗೆ ನೋವಿಲ್ಲವಷ್ಟೆ. ಹಾಗಾದರೆ ನೋವುಳ್ಳವರಲ್ಲಿ ಅದನ್ನು ತಾತ್ಕಾಲಿಕವಾಗಿ ಮುಚ್ಚಿದರೆ ಅಫೀಮಿನ ವರ್ಗದ ಔಷಧಗಳ ಚಟವಿಲ್ಲದ ಶಮನ ದೊರೆಯಬೇಕು. ಆದರೆ ಈ ಉದ್ದೇಶದಿಂದ ತಯಾರಿಸಿದ ಹಲವು ಔಷಧಗಳು ರೋಗಿಗಳ ಮೇಲಿನ ಪರೀಕ್ಷೆಗಳಲ್ಲಿ ನಿರೀಕ್ಷಿತ ಫಲವನ್ನು ಕೊಡಲಿಲ್ಲ. ಅದೇ ನರಗಳಲ್ಲಿರುವ ಅದರ ಸೋದರ ಬಾಗಿಲೊಂದನ್ನು ತಡೆಯುವ ಸುಜೆಟ್ರಿಜೀನ್ ಎಂಬ ಔಷಧಕ್ಕೆ, ಅಲ್ಪಕಾಲದ ತೀವ್ರ ನೋವಿನ ಶಮನಕ್ಕಾಗಿ, ಅಮೆರಿಕದ ಸರಕಾರ ೨೦೨೫ರ ಜನವರಿಯಲ್ಲಿ ಅನುಮತಿ ನೀಡಿತು.

ಮತ್ತೊಂದು ದಾರಿಯೂ ತೆರೆದಿದೆ. ನಮ್ಮ ದೇಹವೇ ತಯಾರಿಸುವ ಒಂದು ಶಮನದ್ರವ್ಯವನ್ನು ೧೯೯೨ರಲ್ಲಿ ಜೆರೂಸಲೇಮಿನ ಸಂಶೋಧಕರು ಗುರುತಿಸಿ, ಸಂಸ್ಕೃತದ 'ಆನಂದ' ಶಬ್ದದಿಂದ ಅದಕ್ಕೆ 'ಆನಂದಮೈಡ್' ಎಂದು ಹೆಸರಿಟ್ಟರು. ೨೦೧೯ರಲ್ಲಿ ವರದಿಯಾದ ಸ್ಕಾಟ್ಲೆಂಡಿನ ಒಬ್ಬ ವೃದ್ಧೆಯಲ್ಲಿ, ಆ ದ್ರವ್ಯವನ್ನು ಕರಗಿಸುವ ವ್ಯವಸ್ಥೆ ಆನುವಂಶಿಕ ಕಾರಣದಿಂದ ಕುಂದಿದ್ದಿತು. ನೋವಾಗಲಿ ಕಳವಳವಾಗಲಿ ಅವಳನ್ನು ಅಷ್ಟಾಗಿ ಕಾಡಿದ್ದಿಲ್ಲ. ಆದರೆ ಒಲೆಯಲ್ಲಿ ತನ್ನ ಕೈ ಸುಡುತ್ತಿರುವುದು ಅವಳಿಗೆ ತಿಳಿಯುತ್ತಿದ್ದುದು ವಾಸನೆಯಿಂದ.

ಇನ್ನು ಜನ್ಮಜಾತ ನೋವರಿಯಮೆಯುಳ್ಳವರ ವಿಷಯ. ೨೦೧೫ರಲ್ಲಿ ಲಂಡನ್ನಿನ ಸಂಶೋಧಕರು, ಆ ಬಾಗಿಲಿಲ್ಲದ ದೇಹದಲ್ಲಿ ಅಫೀಮಿನಂತಹ ಸಹಜ ದ್ರವ್ಯಗಳೂ ಹೆಚ್ಚಾಗಿರುತ್ತವೆಂದು ತೋರಿಸಿ, ಅವುಗಳನ್ನು ತಡೆಯುವ ನಾಲೊಕ್ಸೋನ್ ಎಂಬ ಔಷಧವನ್ನು ಒಬ್ಬ ಮಹಿಳೆಗೆ ಕೊಟ್ಟರು. ಅವಳು ಜೀವನದಲ್ಲಿ ಮೊದಲ ಬಾರಿಗೆ ನೋವನ್ನು ಅರಿತಳು. ಅದು ಕೆಲವು ಹೊತ್ತಿನ ಪ್ರಯೋಗ. ನೋವನ್ನು ಶಾಶ್ವತವಾಗಿ ಕೊಡಬಲ್ಲ ಚಿಕಿತ್ಸೆ ಇಂದಿಗೂ ಇಲ್ಲ. ಇರುವುದು ಎಚ್ಚರಿಕೆಯ ಶಿಕ್ಷಣವೊಂದೇ: ಪ್ರತಿ ರಾತ್ರಿ ಅಂಗಾಲು ಅಂಗೈಗಳನ್ನು ಕಣ್ಣಿನಿಂದ ಪರೀಕ್ಷಿಸುವುದು, ಸ್ನಾನದ ನೀರಿನ ಶಾಖವನ್ನು ಅಳೆಯುವುದು, ಕಣ್ಣುಗಳನ್ನು ಉಜ್ಜದಂತೆ ನೋಡಿಕೊಳ್ಳುವುದು, ಎತ್ತರದಿಂದ ಹಾರಬಾರದೆಂದು ಮಗುವಿಗೆ ಮತ್ತೆಮತ್ತೆ ಹೇಳುವುದು. ಉಳಿದ ಮಕ್ಕಳಿಗೆ ಮೈಯೇ ಕಲಿಸುವ ಪಾಠವನ್ನು ಇವರಿಗೆ ಮಾತಿನಿಂದ ಕಲಿಸಬೇಕು. ಬೆಂಕಿ ಮುಟ್ಟಿದ ಮಗು ಎರಡನೆಯ ಸಲ ಮುಟ್ಟದು ಎಂಬ ಲೋಕರೂಢಿ ಇವರ ಪಾಲಿಗೆ ಸುಳ್ಳು. ಪರರ ಅನುಭವವನ್ನು ನಂಬಿ ನಡೆಯುವುದೊಂದೇ ಇವರಿಗುಳಿದ ಮಾರ್ಗ.

ಇಲ್ಲಿ ನಾವು ಲೇಖನದ ಮೊದಲಿಗೆ ಹಿಂದಿರುಗಬೇಕಾಗಿದೆ. ೧೯೩೨ರ ಸೂಜಿದಿಂಬಿನ ಮನುಷ್ಯನನ್ನೂ, ಕೆಂಡದ ಮೇಲೆ ನಡೆದ ಬಾಲಕನನ್ನೂ ಸಾವಿರಾರು ಕಣ್ಣುಗಳು ನೋಡಿದವು. ನೋಡಿದವರು ಬೆರಗಾದರು, ಕಾಸೆಸೆದರು, ಮನೆಗೆ ಹೋದರು. ಆ ಬಾಲಕನಿಗೆ ಬೇಕಾಗಿದ್ದುದು ಪ್ರೇಕ್ಷಕರಲ್ಲ. ದಿನವೂ ಅವನ ಅಂಗಾಲನ್ನು ತಿರುಗಿಸಿ ನೋಡುವ ಒಬ್ಬರು. ತನ್ನ ಗಾಯವನ್ನು ತಾನೇ ಅರಿಯಲಾರದವನ ಪರವಾಗಿ ಇತರರು ಅರಿಯಬೇಕು; ಸಮಾಜವೇ ಅವನ ನರವಾಗಬೇಕು. ಇಂದು ಜಗತ್ತಿನ ಪ್ರಯೋಗಶಾಲೆಗಳು ನೋವಿನ ಶಮನವನ್ನು ಹುಡುಕುತ್ತಿರುವ ದಾರಿ ಅವನ ಬಂಧುಗಳ ಮನೆಯಿಂದ ಹೊರಟದ್ದು. ಆ ಶಮನ ನಾಳೆ ನಮಗೆ ದೊರೆತರೆ, ಅದರಲ್ಲಿ ಅವನ ಋಣವಿದೆಯೆಂಬುದನ್ನು ಮರೆಯಲಾಗದು. ಅವನ ಹೆಸರನ್ನು ವಿಜ್ಞಾನದ ಆ ಪತ್ರಿಕೆ ದಾಖಲಿಸಿಲ್ಲ. ವಯಸ್ಸನ್ನು ಮಾತ್ರ ದಾಖಲಿಸಿದೆ: ಹದಿನಾಲ್ಕು.